ಡಿಪ್ಪಣ್ಣನ ಮೂಗು

"ಮಂಚದ ಕೆಳಗೆ ಇಲಿ ಸತ್ತು ಮೂರು ದಿನದಿಂದ ಕೊಳೀತಿದೆ. ಅದರ ಮೇಲೇ ಬಿದ್ಕೊಂಡು ಗೊರಕೆ ಹೊಡೆದಿದೀರಲ್ಲ, ಮನುಷ್ಯರಾ ನೀವು, ಮರದ ಕೊರಡಾ?"

ಹೆಂಡತಿ ಒಂದು ಕೈಯಲ್ಲಿ ಟವೆಲನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಪೊರಕೆ ಹಿಡಿದು ಇಲಿಯನ್ನು ಹೊರಗೆಳೆಯುತ್ತಿದ್ದಳು. ಅದು ಉಬ್ಬಿ ನೆಲಕ್ಕೆ ಅಂಟಿಕೊಂಡಿತ್ತು, ಸುಲಭಕ್ಕೆ ಬರುವಂತಿರಲಿಲ್ಲ. ಗಂಡ ಬಾಗಿಲಿಗೆ ಒರಗಿ ಚಹಾದ ಲೋಟ, ಒಂದು ಬ್ರೆಡ್ಡಿನ ತುಂಡು ಹಿಡಿದು ನಿಂತಿದ್ದ. ಕೂಗಾಟ ಶುರುವಾಗುವ ಮೊದಲು ಅದನ್ನು ಚಹಾಕ್ಕೆ ಅದ್ದಿದ್ದ. ಈಗ ತಿನ್ನಬೇಕೋ ಬಿಡಬೇಕೋ ಅವನಿಗೆ ತಿಳಿಯದು, ಅದು ಬೆರಳಲ್ಲೇ ಮೆತ್ತಗಾಗುತ್ತಿತ್ತು.

"ನೆಗಡಿ ಆಗಿತ್ತು," ಎಂದ.

"ಯಾವ ನೆಗಡಿ? ಒಂದು ಸೀನು ಸೀನಿದ್ದು ನಾನು ಕಾಣೆ. ಮೆಟ್ಟಿಲು ಹತ್ತುವಾಗಲೇ ನನಗೆ ಗಬ್ಬು ಹೊಡೀತು. ಪಕ್ಕದ ಮನೆಯವಳು ಕಿಟಕಿ ಮುಚ್ಕೊಂಡು ಕೂತಿದಾಳೆ. ನಾನು ಇವನ ಜೊತೆ ಆಸ್ಪತ್ರೇಲಿದ್ದಾಗ ನೀವು ಮನೇಲಿ ಹೆಣ ಆಗಿದೀರಿ ಅಂದ್ಕೊಂಡಿದ್ಳಂತೆ."

ಮುಂದಿನ ಕೋಣೆಯಿಂದ ಬಾಮೈದನ ನಗು ಕೇಳಿಸಿತು, ಹಿಂದೆಯೇ ಕೆಮ್ಮು. "ಅಕ್ಕಾ, ಭಾವನ್ನ ಬಿಡೇ. ಆಸ್ಪತ್ರೆ ಫಿನಾಯಿಲ್‌ಗಿಂತ ಇಲಿಯೇ ವಾಸಿ."

"ನೀನು ಬಾಯಿ ಮುಚ್ಕೊಂಡು ಮಲಕ್ಕೋ. ಮೂರು ದಿನ ನಿನ್ನ ಹಾಸಿಗೆ ಪಕ್ಕ ಕೂತು ಕೂತು ನನ್ನ ಸೊಂಟ ಹೋಗಿದೆ."

ಇಲಿ ಕೊನೆಗೂ ಕಸದ ಮೊರಕ್ಕೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ಗಂಡನ ಮುಂದೆಯೇ ಹಾದು ಹೋಗಬೇಕಿತ್ತು. ಹೋದಳು. ಬಾಗಿಲು ದಾಟುವಾಗ ಮೊರ ಅವನ ಗಲ್ಲಕ್ಕೆ ಒಂದು ಗೇಣು ದೂರದಲ್ಲಿತ್ತು. ಅವನು ಹಿಂದೆ ಸರಿಯಲಿಲ್ಲ, ಮುಖ ತಿರುಗಿಸಲಿಲ್ಲ. ಬ್ರೆಡ್ಡನ್ನು ಬಾಯಿಗೆ ಹಾಕಿಕೊಂಡ.

ಅವಳು ಅಲ್ಲೇ ನಿಂತಳು. ಕೈಯಲ್ಲಿ ಮೊರ ಹಾಗೆಯೇ ಇತ್ತು. ಬೈಗುಳ ನಿಂತುಹೋಗಿತ್ತು. ಈ ಹೆಂಗಸು ಬೈಯುವಾಗ ಯಾರೂ ಹೆದರಬೇಕಾಗಿಲ್ಲ, ನಿಲ್ಲಿಸಿದರೆ ಹೆದರಬೇಕು.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಏನು?"

"ನಿಮ್ಮ ಮೂಗು ಸತ್ತು."

ಅವನು ಅಗಿಯುವುದನ್ನು ನಿಲ್ಲಿಸಿದ.

ಅವನನ್ನು ಕೆಲಸದಲ್ಲಿ ಡಿಪ್ಪಣ್ಣ ಎಂದು ಕರೆಯುತ್ತಿದ್ದರು. ರಿಫೈನರಿಯಲ್ಲಿ ಕಚ್ಚಾ ಎಣ್ಣೆಯ ಟ್ಯಾಂಕುಗಳ ನೆತ್ತಿ ಹತ್ತಿ, ಮುಚ್ಚಳ ತೆಗೆದು, ತುದಿಗೆ ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಒಳಕ್ಕೆ ಇಳಿಬಿಟ್ಟು ಎಣ್ಣೆ ಎಷ್ಟಿದೆ ಎಂದು ಅಳೆಯುವುದಕ್ಕೆ ಡಿಪ್ ಹಾಕುವುದು ಅನ್ನುತ್ತಾರೆ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದವನಿಗೆ ಬೇರೆ ಹೆಸರು ಯಾಕೆ ಬೇಕು? ಆದರೆ ಅವನ ದೊಡ್ಡಸ್ತಿಕೆ ಇದ್ದದ್ದು ಟೇಪಿನಲ್ಲಿ ಅಲ್ಲ, ಮೂಗಿನಲ್ಲಿ. ಹಡಗಿನಿಂದ ಬಂದ ಎಣ್ಣೆಯನ್ನು ಒಂದು ಹನಿ ಬೆರಳಿಗೆ ತಾಗಿಸಿ ಮೂಸಿ, ಇದು ಹೋದ ತಿಂಗಳು ಬಂದದ್ದೇ, ಇದು ಬೇರೆ ಬಾವಿಯದ್ದು, ಇದರಲ್ಲಿ ಗಂಧಕ ಜಾಸ್ತಿ ಎಂದು ಹೇಳಿಬಿಡುತ್ತಿದ್ದ. ಲ್ಯಾಬಿನವರು ಎರಡು ಗಂಟೆ ಯಂತ್ರ ತಿರುಗಿಸಿ ಅದನ್ನೇ ಹೇಳುತ್ತಿದ್ದರು.

ಕೆಟ್ಟದ್ದು ಗಂಧಕದ ಎಣ್ಣೆ. ಅದರ ಮೇಲೆ ಕೊಳೆತ ಮೊಟ್ಟೆ ನಾತದ ಗ್ಯಾಸು ಕೂತಿರುತ್ತದೆ, ಎರಡು ಉಸಿರು ಎಳೆದರೆ ಆಳು ಬೀಳುತ್ತಾನೆ. ಅದಕ್ಕೆಂದೇ ಕಂಪನಿ ಮುಖಕ್ಕೆ ಮಾಸ್ಕು, ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಮೀಟರು ಕೊಟ್ಟಿತ್ತು. ಮಾಸ್ಕು ಹಾಕಿದರೆ ಬಿಸಿಲಿಗೆ ಗಾಜು ಮಬ್ಬಾಗಿ ಟೇಪಿನ ಅಂಕಿ ಕಾಣುವುದಿಲ್ಲ. ಮೀಟರು ಸಣ್ಣಪುಟ್ಟದ್ದಕ್ಕೂ ಕಿರುಚುತ್ತದೆ. ಹಾಗಾಗಿ ಹಳಬರು ಮೀಟರನ್ನು ಲಾಕರಿನಲ್ಲಿ ಬಿಟ್ಟು ತಮ್ಮದೇ ಪದ್ಧತಿ ಮಾಡಿಕೊಂಡಿದ್ದರು. ಹಿರಿಯ ಮೊದಲು ಏಣಿ ಹತ್ತಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಮೂಸುತ್ತಾನೆ. "ಏನಿಲ್ಲ, ಬಾ" ಎಂದರೆ ಕಿರಿಯ ಹತ್ತಿ ಮುಚ್ಚಳ ತೆಗೆಯುತ್ತಾನೆ. ಸೂಪರ್‌ವೈಸರ್‌ಗಳಿಗೆಲ್ಲ ಇದು ಗೊತ್ತಿತ್ತು. ಯಾರಾದರೂ ಬಿದ್ದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ, ಅಷ್ಟೆ.

ನಾಲ್ಕು ದಿನದ ಹಿಂದೆ ಬಾಮೈದ ಬಿದ್ದಿದ್ದ.

"ಹಾಗಾದ್ರೆ ಅವತ್ತು," ಎಂದಳು ಹೆಂಡತಿ. ತಮ್ಮನಿಗೆ ಕೇಳಿಸದಂತೆ ದನಿ ಇಳಿಸಿದ್ದಳು. "ಅವತ್ತು ನೀವು ಮೂಸಿ ನೋಡಿದ್ರೋ ಇಲ್ವೋ?"

"ನೋಡಿದೆ."

"ವಾಸನೆ ಬಂತಾ?"

"ಇಲ್ಲ."

"ಇರಲಿಲ್ವೋ, ನಿಮಗೆ ಬರಲಿಲ್ವೋ?"

ನಾಲ್ಕು ದಿನದಿಂದ ಅವನೂ ಅದನ್ನೇ ತಡಕಾಡುತ್ತಿದ್ದ.

ಎರಡು ತಿಂಗಳ ಹಿಂದೆ ಜ್ವರ ಬಂದು ಮೂಗು ಕಟ್ಟಿದ್ದು ನಿಜ. ಆಮೇಲೆ ಬಿಟ್ಟಿತ್ತು ಅಂದುಕೊಂಡಿದ್ದ. ಸೋಪು ಹಿಡಿದರೆ ಸೋಪಿನ ವಾಸನೆ ಬರುತ್ತಿತ್ತು. ಈರುಳ್ಳಿ ಹೆಚ್ಚಿದರೆ ಈರುಳ್ಳಿ ವಾಸನೆ. ಡೀಸೆಲ್ ಬಾಟಲಿ ಎತ್ತಿದರೆ ಡೀಸೆಲ್. ಬಾಮೈದ ಬಿದ್ದ ಮರುದಿನ ಬಚ್ಚಲಿಗೆ ಹೋಗಿ ಕಣ್ಣು ಮುಚ್ಚಿ ಗೂಡಿನಿಂದ ಒಂದೊಂದನ್ನೇ ತೆಗೆದು ಮೂಸಿದ. ಕೈಗೆ ಸಿಕ್ಕಿದ್ದು ಸೋಪು ಎಂದು ತಿಳಿದ ತಕ್ಷಣ ವಾಸನೆ ಬಂತು. ಬರುವುದಕ್ಕೆ ಮೊದಲು ತಿಳಿಯಿತೋ, ತಿಳಿದ ಮೇಲೆ ಬಂತೋ? ಮತ್ತೆ ಮೂಸಿದ, ಇನ್ನೊಂದು ಸಲ ಮೂಸಿದ. ಹತ್ತನೇ ಸಲಕ್ಕೆ ಮೂಗಿನಲ್ಲಿ ಸೋಪಿನ ನೊರೆ ಹೋಗಿ ಕಣ್ಣಲ್ಲಿ ನೀರು ಬಂತೇ ಹೊರತು ಏನೂ ತೀರ್ಮಾನವಾಗಲಿಲ್ಲ. ಇಪ್ಪತ್ತೇಳು ವರ್ಷ ಮೂಸಿದವನ ತಲೆಯೊಳಗೆ ಎಲ್ಲ ವಾಸನೆಗಳೂ ಸಾಲಾಗಿ ಕೂತಿದ್ದವು. ಕರೆದರೆ ಬರುತ್ತಿದ್ದವು. ಬಾಗಿಲಲ್ಲಿ ನಿಂತ ವಾಸನೆ ಒಳಗಿನದೋ ಹೊರಗಿನದೋ ಎಂದು ಹೇಗೆ ಹೇಳುವುದು?

"ಗೊತ್ತಿಲ್ಲ ಕಣೆ," ಎಂದ.

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಗ್ಯಾಸು ಜಾಸ್ತಿ ಆದ್ರೂ ಮೂಗು ಸಾಯುತ್ತೆ, ಆ ಕ್ಷಣಕ್ಕೆ. ಒಂದು ಸಲ ಗಬ್ಬು ಅನ್ಸುತ್ತೆ, ಆಮೇಲೆ ಏನೂ ಇಲ್ಲ ಅನ್ಸುತ್ತೆ. ಅವತ್ತು ಹಾಗೇ ಆಗಿತ್ತೇನೋ. ಗಾಳಿ ತಿರುಗಿತ್ತೇನೋ."

"ಮತ್ತೆ ಇಲಿ? ಇಲೀಗೂ ಗಾಳಿ ತಿರುಗಿತ್ತಾ?"

ಅವನಿಗೆ ಚಹಾದ ಲೋಟವನ್ನು ಗೋಡೆಗೆ ಎಸೆಯಬೇಕು ಎಂಬಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಮೇಜಿನ ಮೇಲೆ ಮೆಲ್ಲಗೆ ಇಟ್ಟ.

"ಬೈಯೋದಾದ್ರೆ ಬೈ," ಎಂದ.

"ಏನಂತ ಬೈಲಿ?" ಅವಳ ದನಿ ಒಡೆಯಿತು. "ಅವನನ್ನ ಹೊತ್ಕೊಂಡು ಇಳಿದವರೂ ನೀವೇ. ಡಾಕ್ಟರು ಅಂದ್ರು, ಇನ್ನೊಂದು ನಿಮಿಷ ಆಗಿದ್ರೆ ಇಲ್ಲ ಅಂತ. ಕಾಲು ಹಿಡೀಲೋ, ಕುತ್ತಿಗೆ ಹಿಡೀಲೋ? ನಿಜ ಏನು ಅಂತ ಹೇಳಿಬಿಡಿ ಸಾಕು. ನಿಮಗೇ ಗೊತ್ತಿಲ್ಲ ಅಂದ್ರೆ ನಾನು ಯಾರನ್ನ ಬೈದು ಸಾಯಲಿ?"

ಇಲಿಯನ್ನು ಹೊರಗೆ ಹಾಕಲು ಹೋದಳು. ಹೋಗುವಾಗ ಬಾಗಿಲನ್ನು ಕಾಲಿನಿಂದ ಒದ್ದಳು.

ಹನ್ನೆರಡು ಗಂಟೆಗೆ ಸೂಪರ್‌ವೈಸರ್ ತನ್ನ ಕಾರಿನಲ್ಲಿ ಬಂದ. ಬಾಮೈದ ಬಿದ್ದದ್ದರ ವಿಚಾರಣೆ ಕಂಪನಿಯಲ್ಲಿ ಎರಡು ಗಂಟೆಗಿತ್ತು. ಮನೆಯೊಳಗೆ ಬಂದವನು ಒಂದು ಸಲ ಮೂಗು ಸೊಟ್ಟ ಮಾಡಿ, ಏನೂ ಕೇಳದೆ, ಡಿಪ್ಪಣ್ಣನನ್ನು ಅಂಗಳಕ್ಕೆ ಕರೆದ. ಜೇಬಿನಿಂದ ಟೈಪು ಮಾಡಿದ ಹಾಳೆ ತೆಗೆದ.

"ಓದ್ಕೋ. ವಿಚಾರಣೆ ಮಾಡೋ ಸೇಫ್ಟಿ ಮೇಡಂ ಮುಂದೆ ಇದನ್ನೇ ಹೇಳಬೇಕು, ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ."

ಡಿಪ್ಪಣ್ಣ ಓದಿದ. 'ನಾನು ಏಣಿಯ ತುದಿಯಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬಂದಿತು. ಕೂಡಲೇ ಮಾಸ್ಕ್ ಧರಿಸಿ ಕೆಳಗೇ ಇರಬೇಕೆಂದು ಸಹಾಯಕನಿಗೆ ಕೂಗಿ ಹೇಳಿದೆ. ಆತ ನನ್ನ ಮಾತು ಕೇಳದೆ ಮೇಲೆ ಬಂದು ಮುಚ್ಚಳ ತೆಗೆದನು.'

"ನಾನು ಹೀಗೆ ಹೇಳಿಲ್ವಲ್ಲ."

"ಮತ್ತೆ ಏನು ಹೇಳಿದ್ದೆ?"

'ಏನಿಲ್ಲ, ಬಾ' ಎಂದದ್ದು ಡಿಪ್ಪಣ್ಣನಿಗೆ ಚೆನ್ನಾಗಿ ನೆನಪಿತ್ತು. ಆ ದಿನದ್ದು ಅದೊಂದೇ ನಿಚ್ಚಳವಾಗಿತ್ತು. ಅದನ್ನು ಕೇಳಿಸಿಕೊಂಡವನು ಒಬ್ಬನೇ, ಆ ಒಬ್ಬನಿಗೆ ಅವತ್ತು ಬೆಳಿಗ್ಗೆ ಹಲ್ಲುಜ್ಜಿದ್ದರಿಂದ ಹಿಡಿದು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ತನಕ ಏನೂ ನೆನಪಿರಲಿಲ್ಲ. ಗ್ಯಾಸು ತಲೆಗೆ ಹೊಡೆದರೆ ಹಾಗೇ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ನೋಡು," ಎಂದ ಸೂಪರ್‌ವೈಸರ್. "ಒಬ್ಬನ ತಲೆಗೆ ಕಟ್ಟಲೇಬೇಕು, ಮೇಲಿನವರು ಬಿಡಲ್ಲ. 'ಬಾ' ಅಂದವನು ನೀನು ಅಂತಾದ್ರೆ ನಿನ್ನ ಕೆಲಸ ಹೋಯ್ತು, ಈ ಕಂಪನಿ ಮನೇನೂ ಹೋಯ್ತು. ನಿವೃತ್ತಿಗೆ ನಾಲ್ಕು ವರ್ಷ ಇಟ್ಕೊಂಡು ಬೀದಿಗೆ ಬೀಳ್ತೀಯ. ಅವನೇ ಹತ್ತಿದ ಅಂತಾದ್ರೆ ಅವನದ್ದು ಹೋಗುತ್ತೆ. ಅವನಿನ್ನೂ ಕಾಯಂ ಆಗಿಲ್ಲ. ಮೂವತ್ತು ವರ್ಷದವನು, ಎಲ್ಲಾದ್ರೂ ಬದುಕ್ಕೋತಾನೆ."

"ಅವನಿಗೂ ಒಂದು ಮಗು ಇದೆ ಸಾರ್."

"ಮಗು ಯಾರಿಗಿಲ್ಲ?"

ಕಿಟಕಿಯ ಹಿಂದೆ ಬಾಮೈದ ಎದ್ದು ಕೂತಿದ್ದು ಕಾಣಿಸಿತು. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸೂಪರ್‌ವೈಸರ್ ಕಾರಿನ ಕಡೆ ಹೋದ ಮೇಲೆ ಡಿಪ್ಪಣ್ಣನನ್ನು ಕರೆದ.

"ಭಾವ, ನೀವು ತಡೆದಿರ್ತೀರಿ. ನಾನೇ ಕೇಳಿರಲ್ಲ."

"ನಿನಗೆ ನೆನಪಿದೆಯಾ?"

"ಇಲ್ಲ. ಆದ್ರೆ ನನ್ನ ಬುದ್ಧಿ ನನಗೆ ಗೊತ್ತಿಲ್ವಾ? ಅಕ್ಕನ ಮಾತನ್ನೇ ಕೇಳಿದವನಲ್ಲ. ನಿಮ್ಮ ಮೂಗು ಯಾವತ್ತಾದ್ರೂ ತಪ್ಪಿದ್ದುಂಟಾ? ಆ ಹಾಳೇಲಿ ಇರೋದೇ ಸರಿ ಅನ್ಸುತ್ತೆ ನನಗೆ."

ಅಷ್ಟು ನಂಬಿಕೆಯಿಂದ ಹೇಳಿದ. ಒಂದು ಕ್ಷಣ ಡಿಪ್ಪಣ್ಣನಿಗೂ ತಾನು ಕೂಗಿದ್ದೆನೇನೋ ಅನ್ನಿಸಿತು. ಕೂಗಿದ ಹಾಗೆ, ಇವನು ಕೇಳದ ಹಾಗೆ, ಒಂದು ಚಿತ್ರವೇ ಕಣ್ಣ ಮುಂದೆ ಬಂತು. ಕರೆದರೆ ಬರುವುದು ವಾಸನೆ ಮಾತ್ರ ಅಲ್ಲ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಹೊರಡುವಾಗ ತಮ್ಮನ ಅಂಗಿಯ ಗುಂಡಿಯನ್ನು ಸರಿ ಮಾಡಿದಳು. ಗಂಡನ ಅಂಗಿಯ ಗುಂಡಿಗೂ ಕೈ ಹಾಕಿದಳು, ಅದು ಸರಿಯಾಗಿಯೇ ಇತ್ತು, ಸುಮ್ಮನೆ ಬಿಟ್ಟಳು.

ಮೂವರೂ ಸೂಪರ್‌ವೈಸರ್‌ನ ಕಾರಿನಲ್ಲಿ ಹೊರಟರು. ರಿಫೈನರಿಯ ಗೋಡೆ ಶುರುವಾದ ಮೇಲೆ ದೊಡ್ಡ ಗೋಪುರ ಕಾಣಿಸಿತು. ಬಾಮೈದ ಅದನ್ನು ನೋಡುತ್ತ ನಕ್ಕ.

"ಭಾವ, ಮೊದಲನೇ ದಿನ ಇದನ್ನ ತೋರಿಸಿ ಪಾಠ ಮಾಡಿದ್ರಲ್ಲ, ನೆನಪಿದೆಯಾ?"

ಡಿಪ್ಪಣ್ಣನಿಗೆ ನೆನಪಿತ್ತು. ಹೊಸಬರಿಗೆಲ್ಲ ಅವನು ಅದೇ ಪಾಠ ಮಾಡುತ್ತಿದ್ದ. ಅಂಗೈಯಲ್ಲಿ ಒಂದು ಹನಿ ಕಪ್ಪೆಣ್ಣೆ ಇಟ್ಟು ಶುರು ಮಾಡುತ್ತಿದ್ದ. "ದೊಡ್ಡ ದೊಡ್ಡ ಪ್ರಾಣಿ ಸತ್ತು ಎಣ್ಣೆ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡ. ಸಮುದ್ರದಲ್ಲಿ ಕಣ್ಣಿಗೆ ಕಾಣದ ಹುಳ, ಪಾಚಿ. ಅವು ಸತ್ತು ತಳಕ್ಕೆ ಬಿದ್ದು, ಮೇಲೆ ಕೆಸರು ಮುಚ್ಚಿ, ಗಾಳಿ ಸಿಗದೆ, ಪೂರ್ತಿ ಕೊಳೆಯೋಕೂ ಆಗದೆ ಕೂತವು. ಮೇಲಿಂದ ಭಾರ, ಕೆಳಗಿಂದ ಕಾವು. ಕೋಟಿಗಟ್ಟಲೆ ವರ್ಷ ಬೆಂದಿದೆ ಇದು. ನಿನ್ನ ಅಕ್ಕನ ಸಾರು ಅರ್ಧ ಗಂಟೆ ಬೆಂದ್ರೆ ತಳ ಹಿಡಿಯುತ್ತೆ."

ಆಮೇಲೆ ಗೋಪುರ. "ಈ ಎಣ್ಣೇನ ಕುಲುಮೇಲಿ ಕಾಯಿಸಿ ಇದರೊಳಗೆ ಬಿಡ್ತಾರೆ. ಆವಿ ಮೇಲಕ್ಕೇಳುತ್ತೆ, ಏಳ್ತಾ ಏಳ್ತಾ ತಣ್ಣಗಾಗುತ್ತೆ. ಭಾರ ಇರೋದು ಕೆಳಗಿನ ತಟ್ಟೇಲೇ ಕೂತ್ಬಿಡುತ್ತೆ, ಹಗುರ ಇರೋದು ಮೇಲಿನ ತಟ್ಟೆ ಹತ್ತುತ್ತೆ. ತುತ್ತತುದೀಲಿ ಅಡುಗೆ ಗ್ಯಾಸು, ಅದರ ಕೆಳಗೆ ಪೆಟ್ರೋಲು, ಆಮೇಲೆ ಸೀಮೆಎಣ್ಣೆ, ಡೀಸೆಲ್ಲು. ಎಲ್ಲೂ ಹತ್ತಲಾಗದೆ ತಳದಲ್ಲಿ ಉಳಿಯೋದು ಡಾಂಬರು. ನಮ್ಮ ಕಂಪನಿ ಆಫೀಸ್ ಇದ್ದಂಗೇ."

"ಡಾಂಬರು ಯಾರು ಭಾವ?" ಎಂದು ಅವತ್ತು ಬಾಮೈದ ಕೇಳಿದ್ದ.

"ನಾವೇ. ಎಲ್ಲರೂ ಓಡಾಡೋದು ನಮ್ಮ ಮೇಲೇ ಅಲ್ವಾ?"

ಈಗ ಕಾರಿನ ಮುಂದಿನ ಸೀಟಿನಲ್ಲಿ ಸೂಪರ್‌ವೈಸರ್ ಇದ್ದ. ಡಿಪ್ಪಣ್ಣ "ಹೂಂ, ನೆನಪಿದೆ" ಎಂದಷ್ಟೇ ಹೇಳಿದ.

ವಿಚಾರಣೆ ಆಡಳಿತ ಕಟ್ಟಡದ ಮೊದಲ ಮಹಡಿಯಲ್ಲಿತ್ತು. ಬಾಮೈದ ತನ್ನ ಆಸ್ಪತ್ರೆ ಫೈಲು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತ. ಡಿಪ್ಪಣ್ಣ ಒಳಗೆ ಹೋದ. ಉದ್ದ ಮೇಜು, ಕಿಟಕಿ ಮುಚ್ಚಿ ಏಸಿ ಹಾಕಿದ್ದರು. ಸೇಫ್ಟಿ ಮೇಡಂ ನಡುವೆ ಕೂತಿದ್ದಳು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡ, ನಲವತ್ತರ ಹೆಂಗಸು. ಪಕ್ಕದಲ್ಲಿ ಸೂಪರ್‌ವೈಸರ್. ಗೋಡೆಯ ಬಳಿ ಲ್ಯಾಬಿನವನು ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದ.

ಮೇಡಂ ಹಾಳೆಯನ್ನು ಓದಿದಳು. "ವಾಸನೆ ಬಂತು, ತಡೆದೆ ಅಂತ ಇದೆ. ಮೀಟರು ಲಾಕರಿನಲ್ಲಿತ್ತು, ಅದರ ವಿಷಯ ಆಮೇಲೆ ಮಾತಾಡೋಣ. ಅಂದ್ರೆ ಈ ಕೇಸಿಗೆ ಇರೋ ಸಾಕ್ಷಿ ನಿಮ್ಮ ಮೂಗು ಒಂದೇ."

"ಹೌದು ಮೇಡಂ," ಎಂದ ಸೂಪರ್‌ವೈಸರ್. "ಇವನ ಮೂಗಿನ ಮುಂದೆ ಯಂತ್ರ ಏನೂ ಅಲ್ಲ. ಇಡೀ ರಿಫೈನರಿಗೆ ಗೊತ್ತು."

"ನನಗೆ ಗೊತ್ತಿಲ್ಲ. ನಾನು ಬಂದು ಆರು ತಿಂಗಳಾಯ್ತು. ಸಾಕ್ಷಿ ಸರಿ ಇದೆಯಾ ಅಂತ ಮೊದಲು ನೋಡೋಣ. ಆಮೇಲೆ ಸಹಿ."

ಸೂಪರ್‌ವೈಸರ್ ನಕ್ಕ. ಡಿಪ್ಪಣ್ಣನ ಬೆನ್ನಿನಲ್ಲಿ ಬೆವರು ಇಳಿಯಿತು. ಆದರೆ ಅದು ಹೆದರಿಕೆಯೋ ಬೇರೇನೋ ಅವನಿಗೆ ತಿಳಿಯಲಿಲ್ಲ. ಗೊತ್ತಾಗಲಿ, ಇವತ್ತಾದರೂ ಗೊತ್ತಾಗಲಿ ಎಂದು ಒಳಗೆ ಯಾರೋ ಹೇಳುತ್ತಿದ್ದ. ಗೊತ್ತಾಗದಿರಲಿ ಎಂದು ಇನ್ಯಾರೋ.

ಲ್ಯಾಬಿನವನು ಮೇಜಿನ ಮೇಲೆ ನಾಲ್ಕು ಬಾಟಲಿ ಇಟ್ಟ. ಎಲ್ಲಕ್ಕೂ ಬಣ್ಣ ಕಾಣದಂತೆ ಬೆಳ್ಳಿ ಹಾಳೆ ಸುತ್ತಿದ್ದ.

ಮೊದಲನೆಯದನ್ನು ಎತ್ತಿದ ತಕ್ಷಣ ಕೈಗೆ ಗೊತ್ತಾಯಿತು. ಅಲ್ಲಾಡಿಸಿದಾಗ ನೀರಿಗಿಂತ ಚುರುಕಾಗಿ ಕುಲುಕಿತು, ಮುಚ್ಚಳ ತಿರುಗಿಸುವಾಗ ಒಳಗಿನ ಒತ್ತಡ ಪುಸ್ ಎಂದಿತು, ಬಾಯಿಯ ಅಂಚಿಗೆ ಹೆಬ್ಬೆರಳು ತಾಗಿದ ಕಡೆ ತಣ್ಣಗಾಗಿ ಒದ್ದೆ ಆರಿಹೋಯಿತು. ಮೂಗಿನ ಹತ್ತಿರ ತರುವ ಮೊದಲೇ ತಲೆಯೊಳಗೆ ವಾಸನೆ ಎದ್ದು ನಿಂತಿತು.

"ಪೆಟ್ರೋಲು."

"ಸರಿ," ಎಂದ ಲ್ಯಾಬಿನವನು.

ಎರಡನೆಯದು ಅಂಚಿನಲ್ಲಿ ಬೆರಳು ಜಾರಿತು, ಬೇಗ ಆರಲಿಲ್ಲ, ಆದರೆ ಜಿಡ್ಡೂ ಅಲ್ಲ. "ಸೀಮೆಎಣ್ಣೆ." ಮೂರನೆಯದು ಭಾರವಾಗಿ ಕುಲುಕಿತು, ಬೆರಳಿಗೆ ಅಂಟಿಕೊಂಡಿತು. "ಡೀಸೆಲ್."

"ನಾನು ಹೇಳಲಿಲ್ವಾ?" ಎಂದ ಸೂಪರ್‌ವೈಸರ್.

ಮೇಡಂ ಕಾಗದದ ಮೇಲೆ ಮೂರು ಗೀಟು ಹಾಕಿದಳು. ಡಿಪ್ಪಣ್ಣ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದ. ಮೂರೂ ವಾಸನೆ ಬಂದಿತ್ತು. ನಿಜವಾಗಿ ಬಂದಿತ್ತು. ಹಾಗಾದರೆ ಮೂಗು ಇದೆಯೇನೋ? ಇಲಿ ಸತ್ತದ್ದು ನಿನ್ನೆ ಇರಬೇಕು, ಹೆಂಡತಿ ಉತ್ಪ್ರೇಕ್ಷೆ ಮಾಡುವವಳು. ಹಾಗಾದರೆ ಅವತ್ತು ಟ್ಯಾಂಕಿನ ಮೇಲೆ ವಾಸನೆ ಇರಲೇ ಇಲ್ಲ, ಮುಚ್ಚಳ ತೆಗೆದ ಮೇಲೆ ಗ್ಯಾಸು ಎದ್ದಿದೆ, ಯಾರ ತಪ್ಪೂ ಅಲ್ಲ. ಅವನಿಗೆ ಎದ್ದು ಹೊರಗೆ ಹೋಗಿ ಬಾಮೈದನ ತಲೆಗೊಂದು ಪ್ರೀತಿಯ ಪೆಟ್ಟು ಕೊಡಬೇಕು ಅನ್ನಿಸಿತು.

"ಇನ್ನೊಂದಿದೆ," ಎಂದ ಲ್ಯಾಬಿನವನು. ನಾಲ್ಕನೆಯದು ಹೆಬ್ಬೆರಳು ಗಾತ್ರದ ಬಾಟಲಿ. ಅಲ್ಲಾಡಿಸಿದರೆ ಕುಲುಕಲಿಲ್ಲ, ಒಳಗೆ ಹತ್ತಿ ಮಾತ್ರ ಇದ್ದಂತಿತ್ತು. ಡಿಪ್ಪಣ್ಣ ಮುಚ್ಚಳ ತೆಗೆದು ಮೂಗಿಗೆ ಹಿಡಿದ.

ಏನೂ ಇಲ್ಲ. ಬರೀ ಹತ್ತಿ, ಲ್ಯಾಬಿನವನ ತಮಾಷೆ ಅಂದುಕೊಂಡ. 'ಖಾಲಿ' ಎಂದು ಹೇಳಲು ತಲೆ ಎತ್ತಿದ.

ಮೇಡಂ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡಿದ್ದಳು. ಸೂಪರ್‌ವೈಸರ್‌ನ ಕಣ್ಣು ಹೊರಗೆ ಬಂದಿತ್ತು, ಕರವಸ್ತ್ರಕ್ಕೆ ಜೇಬು ತಡಕುತ್ತಿದ್ದ. "ಅಯ್ಯೋ, ಏನಯ್ಯಾ ತಂದೆ?"

"ಏನಿಲ್ಲ ಸಾರ್," ಎಂದ ಲ್ಯಾಬಿನವನು, ಅವನೂ ತೋಳಿನಿಂದ ಮೂಗು ಒತ್ತಿಕೊಂಡೇ. "ಅಡುಗೆ ಗ್ಯಾಸಿಗೆ ಬೆರೆಸೋ ನಾತದ ಮದ್ದು. ಗ್ಯಾಸಿಗೆ ಸ್ವಂತ ವಾಸನೆ ಇರಲ್ವಲ್ಲ, ಸೋರಿದ್ರೆ ಗೊತ್ತಾಗ್ಲಿ ಅಂತ ಹಾಕೋದು. ಒಂದು ಹನಿಯಲ್ಲಿ ನೂರನೇ ಒಂದು ಭಾಗ ಹತ್ತಿಗೆ ಹಾಕಿದೆ. ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ."

ಪಕ್ಕದ ಕೋಣೆಯಿಂದ ಟೈಪಿಸ್ಟು ಓಡಿಬಂದು ಬಾಗಿಲು ತೆರೆದಳು. "ಮೇಡಂ, ಗ್ಯಾಸು ಲೀಕ್ ಆಗ್ತಿದೆ, ಎಲ್ಲ ಹೊರಗೆ ಬನ್ನಿ."

"ಏನೂ ಲೀಕ್ ಇಲ್ಲ," ಎಂದು ಮೇಡಂ ಕೂಗಿದಳು. ಆದರೆ ಅವಳೇ ಮೊದಲು ಎದ್ದಳು. ಲ್ಯಾಬಿನವನು ಕಿಟಕಿ ತೆರೆಯಲು ನೋಡಿದ, ಚಿಲಕ ತುಕ್ಕು ಹಿಡಿದಿತ್ತು, ಬಿಟ್ಟು ಓಡಿದ. ಸೂಪರ್‌ವೈಸರ್ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿದ. ಡಿಪ್ಪಣ್ಣ ಬಾಟಲಿಯನ್ನು ಮೂಗಿಗೆ ಹಿಡಿದುಕೊಂಡು ಅಲ್ಲಾಡದೆ ಕೂತಿದ್ದ.

"ನೋಡ್ರಿ ಇವನನ್ನ," ಎಂದ ಕರವಸ್ತ್ರದೊಳಗಿಂದ. "ಕಣ್ಣು ರೆಪ್ಪೆ ಕೂಡ ಬಡೀಲಿಲ್ಲ. ಮೂಗಲ್ಲ ಇದು, ಉಕ್ಕು. ಪಾಸಾಯ್ತು ಬಿಡಿ ಮೇಡಂ."

ಬಾಗಿಲು ಮುಚ್ಚಿತು. ಹೊರಗೆ ಕೆಮ್ಮು, ನಗು, ಯಾರೋ ಯಾರನ್ನೋ ಬೈಯುವುದು.

ಡಿಪ್ಪಣ್ಣ ಬಾಟಲಿಯ ಬಾಯಿಯನ್ನು ಮೂಗಿನ ಹೊಳ್ಳೆಗೇ ಒತ್ತಿಕೊಂಡ. ಹೊಟ್ಟೆಯ ತನಕ ಉಸಿರೆಳೆದ. ಗಾಳಿ ತಣ್ಣಗೆ ಒಳಗೆ ಹೋಯಿತು, ಬೆಚ್ಚಗೆ ಹೊರಗೆ ಬಂತು. ಈಗ ಅದು ಏನು ಎಂದು ಅವನಿಗೆ ಹೇಳಿದ್ದರು. ಅಡುಗೆಮನೆಯಲ್ಲಿ ನೂರು ಸಲ ಕಂಡ ವಾಸನೆ. ಬಾ ಎಂದು ಕರೆದ. ಮಂದವಾಗಿ, ಹಿಂದಿನ ಸಾಲಿನಿಂದ, ಅದು ಎದ್ದು ಬಂತು. ಹೇಳುವ ತನಕ ಬಂದಿರಲಿಲ್ಲ. ಅವನು ಮುಚ್ಚಳ ಹಾಕಿದ. ಮುಚ್ಚಳ ಹಾಕಿದ ಮೇಲೂ ಅದು ಅಷ್ಟೇ ಇತ್ತು.

ಮೇಜಿನ ಮೇಲೆ ಟೈಪು ಮಾಡಿದ ಹಾಳೆ ಇತ್ತು, ಅದರ ಮೇಲೆ ಮೇಡಂನ ಪೆನ್ನು. ಮೂರು ಗೀಟಿನ ಕಾಗದ ಪಕ್ಕದಲ್ಲಿ. ಹೊರಗೆ ಸೂಪರ್‌ವೈಸರ್ ತನ್ನ ಟ್ಯಾಂಕಿನ ವಿಭಾಗ ಎಂಥದ್ದು ಎಂದು ಮೇಡಂಗೆ ದೊಡ್ಡ ದನಿಯಲ್ಲಿ ವಿವರಿಸುತ್ತಿದ್ದ. ಡಿಪ್ಪಣ್ಣ ಪೆನ್ನು ತೆಗೆದುಕೊಂಡ. ಹಾಳೆಯ ಮೂರು ಸಾಲಿನ ಮೇಲೂ ಅಡ್ಡಗೀಟು ಎಳೆದ. ಕೆಳಗೆ, ಸಹಿಗೆಂದು ಬಿಟ್ಟ ಜಾಗದ ಮೇಲೆ, ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ ಬರೆದ.

'ನಾಲ್ಕನೇ ಬಾಟಲಿಯ ವಾಸನೆ ನನಗೆ ಬರಲಿಲ್ಲ. ಮೂಗು ಯಾವಾಗ ಹೋಯಿತೋ ಗೊತ್ತಿಲ್ಲ. ಅವತ್ತು ಇತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಏನಿಲ್ಲ ಬಾ ಎಂದು ಹೇಳಿದವನು ನಾನು. ಅದು ಗೊತ್ತಿದೆ.'

ಸಹಿ ಹಾಕಿದ. ಒಂದು ಸಲ ಓದಿದ. 'ಗೊತ್ತಿಲ್ಲ' ಎರಡು ಸಲ ಬಂದದ್ದು ಸರಿ ಕಾಣಲಿಲ್ಲ, ಆದರೆ ತಿದ್ದಲು ಏನೂ ಇರಲಿಲ್ಲ. ಪೆನ್ನನ್ನು ಹಾಳೆಯ ಮೇಲೆ ಇಟ್ಟು ಎದ್ದ.

ಹೊರಗೆ ಕಾರಿಡಾರಿನ ತುದಿಯ ಕಿಟಕಿಗೆ ಮೂವರೂ ಮುಖ ಹಾಕಿ ನಿಂತಿದ್ದರು. "ಎಲ್ಲಿಗೋ?" ಎಂದ ಸೂಪರ್‌ವೈಸರ್.

"ನೀರು ಕುಡಿದು ಬರ್ತೀನಿ."

"ಬೇಗ ಬಾ. ಸಹಿ ಒಂದು ಬಾಕಿ."

ಬೆಂಚಿನ ಹತ್ತಿರ ಬಂದಾಗ ಬಾಮೈದ ಎದ್ದು ನಿಲ್ಲಲು ನೋಡಿದ. ಡಿಪ್ಪಣ್ಣ ಹೆಗಲು ಒತ್ತಿ ಕೂರಿಸಿದ.

"ಆಯ್ತಾ ಭಾವ? ಏನಾಯ್ತು ಒಳಗೆ, ಎಲ್ಲ ಓಡಿಬಂದ್ರು? ಇಲ್ಲಿ ತನಕ ನಾತ."

"ಬರ್ತಿದೆಯಾ ನಿನಗೆ?"

"ಬರದೆ ಏನು, ಮೂಗು ಮುಚ್ಕೊಂಡು ಕೂತಿದ್ದೆ."

"ನಿನ್ನನ್ನ ಕರೆದ್ರೆ ನೆನಪಿಲ್ಲ ಅನ್ನು. ಅಷ್ಟೇ ಹೇಳು. ನನ್ನ ಬುದ್ಧಿ ಹೀಗೆ, ನಾನೇ ಕೇಳಿರಲ್ಲ ಅಂತ ನಿನ್ನ ಪುರಾಣ ಬಿಚ್ಚಬೇಡ."

"ನೀವು ಬರ್ತೀರಲ್ಲ? ಒಟ್ಟಿಗೆ ಹೋಗೋಣ ಮನೆಗೆ."

"ಹೂಂ."

ಡಿಪ್ಪಣ್ಣ ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ನೀರಿನ ನಲ್ಲಿ ಇದ್ದದ್ದು ಅದೇ ಮಹಡಿಯಲ್ಲಿ, ಬೆಂಚಿನ ಎದುರಿಗೇ. ಬಾಮೈದ ಅದನ್ನು ನೋಡಿದ. ಕೆಳಗಿನ ನೀರು ತಣ್ಣಗಿರಬಹುದು ಅಂದುಕೊಂಡ.

ಹತ್ತು ನಿಮಿಷಕ್ಕೆ ನಾತ ಇಳಿಯಿತು. ಮೇಡಂ ಒಳಗೆ ಹೋದಳು, ಹಿಂದೆ ಲ್ಯಾಬಿನವನು, ಹಿಂದೆ ಸೂಪರ್‌ವೈಸರ್. ಬಾಗಿಲು ಮುಚ್ಚಿತು. ಆಮೇಲೆ ಸೂಪರ್‌ವೈಸರ್ ಹೊರಗೆ ಬಂದು ಆ ಕಡೆ ಈ ಕಡೆ ನೋಡಿ, ಮೆಟ್ಟಿಲು ಬಗ್ಗಿ ನೋಡಿ, ಬಾಮೈದನ ಮುಖ ನೋಡಿ ಒಳಗೆ ಹೋದ.

ಪಾಳಿ ಬದಲಾಗುವ ಸೈರನ್ ಆಯಿತು. ಕಾರಿಡಾರಿನ ತುಂಬ ಜನ ಬಂದರು. ಊಟದ ಡಬ್ಬಿ ಹಿಡಿದ ಒಬ್ಬ ಗುಮಾಸ್ತ ಬೆಂಚಿನ ಖಾಲಿ ಕಡೆ ಕೂರಲು ಬಂದ. ಬಾಮೈದ ತನ್ನ ಆಸ್ಪತ್ರೆ ಫೈಲನ್ನು ಎತ್ತಿ ಆ ಜಾಗದಲ್ಲಿ ಇಟ್ಟ.

"ಇಲ್ಲಿ ನಮ್ಮ ಭಾವ ಇದಾರೆ," ಎಂದ. "ಈಗ ಬರ್ತಾರೆ."

ಗುಮಾಸ್ತ ಗೋಡೆಗೆ ಒರಗಿ ನಿಂತು ತಿಂದ, ಎದುರಿನ ನಲ್ಲಿಯಲ್ಲಿ ಡಬ್ಬಿ ತೊಳೆದುಕೊಂಡು ಹೋದ. ಫೈಲಿನ ಕಾಗದಗಳು ಫ್ಯಾನಿನ ಗಾಳಿಗೆ ಅಂಚು ಎತ್ತುತ್ತಿದ್ದವು. ಬಾಮೈದ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತ.